ತೋಳು ಇಳಿದು ಸೊಂಟ ಏರಿದ ವರ್ಷಗಳು

ಎಚ್‌ಐವಿ ಸೋಂಕಿಗೆ ಎಆರ್‌ಟಿ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆ, ತೆಗೆದುಕೊಳ್ಳುವವರಲ್ಲಿ ಕೆಲವರ ಮೈಯ ಕೊಬ್ಬು ಒಂದು ಕಡೆ ಕರಗುತ್ತದೆ, ಇನ್ನೊಂದು ಕಡೆ ಸೇರುತ್ತದೆ. ವೈದ್ಯರು ಇದನ್ನು ಲಿಪೊಡಿಸ್ಟ್ರೊಫಿ ಎನ್ನುತ್ತಾರೆ. ಈ ಹೆಸರು ನನ್ನ ಕಿವಿಗೆ ಬೀಳುವ ಎಷ್ಟೋ ಮೊದಲು ಅದರ ಲಕ್ಷಣಗಳೆಲ್ಲ ನನ್ನ ಅಳತೆ ಪುಸ್ತಕದಲ್ಲಿ ಇಂಚುಗಳ ರೂಪದಲ್ಲಿ ದಾಖಲಾಗಿದ್ದವು. ನಾನು ಮಂಗಳೂರಿನ ಹಂಪನಕಟ್ಟೆಯ ಹತ್ತಿರ ರವಿಕೆ ಹೊಲಿದು ಬದುಕುವವಳು. ಗಿರಾಕಿಗಳ ಅಳತೆಯ ಜೊತೆಗೆ ನನ್ನದೇ ಅಳತೆಯನ್ನೂ ಪ್ರತಿ ವರ್ಷ ದಸರೆಯ ಮುಂಚೆ ಬರೆದಿಡುವ ರೂಢಿ ನನಗೆ ಮೊದಲಿನಿಂದಲೂ ಇತ್ತು. ನನ್ನ ಚಿಕಿತ್ಸೆಯ ದಿಕ್ಕು ಬದಲಾಗಲು ರಕ್ತದ ವರದಿಗಳಷ್ಟೇ ಆ ಪುಸ್ತಕವೂ ಕಾರಣವಾಯಿತು. ಇದೇ ತೊಂದರೆ ಇರುವವರಿಗೆ ನೆರವಾಗಬಹುದೆಂದು ನಡೆದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನಗೆ ಸೋಂಕು ಇರುವುದು ಗೊತ್ತಾದದ್ದು 2006ರಲ್ಲಿ, ಗಂಡ ತೀರಿಕೊಂಡ ಮೇಲೆ. ಸರ್ಕಾರ ಉಚಿತ ಎಆರ್‌ಟಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು, ಮೊದಲ ಹಂತದಲ್ಲಿ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗಿನಂತೆ ಸೋಂಕು ಕಂಡ ಕೂಡಲೇ ಎಲ್ಲರಿಗೂ ಮಾತ್ರೆ ಕೊಡುವ ಪದ್ಧತಿ ಆಗ ಇರಲಿಲ್ಲ, ಅದು ಬಂದದ್ದು 2017ರಲ್ಲಿ. ನನ್ನ ಸಿಡಿ4 ಎಣಿಕೆ, ಅಂದರೆ ರಕ್ತದಲ್ಲಿ ರೋಗನಿರೋಧಕ ಕೋಶಗಳ ಲೆಕ್ಕ, 200ಕ್ಕಿಂತ ಕೆಳಗಿದ್ದುದರಿಂದ ತಡವಿಲ್ಲದೆ ಚಿಕಿತ್ಸೆ ಶುರುವಾಯಿತು. ಕೊಟ್ಟದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಎಂಬ ಮೂರು ಔಷಧಗಳು ಒಂದೇ ಮಾತ್ರೆಯಲ್ಲಿ ಸೇರಿದ್ದ ಎಸ್‌ಎಲ್‌ಎನ್. ಬೆಳಿಗ್ಗೆ ಒಂದು, ರಾತ್ರಿ ಒಂದು. ಈ ಮಾತ್ರೆ ನನ್ನ ಜೀವ ಉಳಿಸಿತು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಹಾಸಿಗೆ ಬಿಟ್ಟು ಏಳಲಾರದವಳು ಕೆಲವೇ ತಿಂಗಳಲ್ಲಿ ಗಂಜಿ ಉಂಡು ಅರಗಿಸಿಕೊಂಡೆ, ತೂಕ ಕೂಡಿತು, ಮತ್ತೆ ಮಿಷನ್ನಿನ ಮುಂದೆ ಕುಳಿತೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಇಂಥದೇ ಮೂರು ಔಷಧಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡಲು ಮುಂದಾಗದೇ ಇದ್ದಿದ್ದರೆ ನಮ್ಮಂಥವರಿಗೆ ಚಿಕಿತ್ಸೆ ಎಂಬುದು ಇನ್ನೂ ಎಷ್ಟು ವರ್ಷ ದೂರವೇ ಉಳಿಯುತ್ತಿತ್ತೋ ಏನೋ. ಮುಂದೆ ನನಗೆ ಆದ ಬೇಸರ ಆ ಔಷಧದ ಮೇಲಲ್ಲ. ಅದು ಮೈಯಲ್ಲಿ ಮಾಡುತ್ತಿದ್ದ ಬದಲಾವಣೆಯನ್ನು ಹೇಳಿಕೊಂಡಾಗ ಕಿವಿಗೆ ಹಾಕಿಕೊಳ್ಳುವವರಿಲ್ಲದೆ ಹೋದದ್ದೇ ನನ್ನ ಬೇಸರ.

ಎರಡು ವರ್ಷ ಕಳೆಯುವಷ್ಟರಲ್ಲಿ ಮೊದಲ ಸೂಚನೆಗಳು ಬಂದವು. ಮಿಷನ್ ತುಳಿಯುವಾಗ ಕೂರುವ ಮರದ ಸ್ಟೂಲು ನೋಯಿಸತೊಡಗಿತು. ಅಷ್ಟು ವರ್ಷ ಅದೇ ಸ್ಟೂಲಿನ ಮೇಲೆ ದಿನವಿಡೀ ಕುಳಿತವಳಿಗೆ ಈಗ ಅರ್ಧ ಗಂಟೆಗೆಲ್ಲ ಮೂಳೆಯೇ ಹಲಗೆಗೆ ತಾಗಿದ ಹಾಗಾಗಿ ಏಳಬೇಕಾಗುತ್ತಿತ್ತು. ಪೃಷ್ಠದಲ್ಲಿ ಮೆತ್ತಗಿರಬೇಕಾದ ಕೊಬ್ಬು ಇಲ್ಲವಾಗುತ್ತಿದೆ ಎಂಬ ಯೋಚನೆಯೇ ಆಗ ಬರಲಿಲ್ಲ. ಸ್ಟೂಲಿನ ಮೇಲೆ ಹಳೆಯ ಕಂಬಳಿ ಮಡಚಿ ಹಾಕಿಕೊಂಡೆ. ಸ್ನಾನ ಮಾಡುವಾಗ ಮೊಣಕಾಲಿನ ಕೆಳಗೆ, ಮುಂಗೈಯಲ್ಲಿ ರಕ್ತನಾಳಗಳು ಹಗ್ಗದಂತೆ ಎದ್ದು ಕಾಣುತ್ತಿದ್ದವು. ಪಾದಗಳಲ್ಲಿ ಜುಮ್ಮೆನ್ನುವ ಉರಿ ಬೇರೆ. ಅದು ಸ್ಟಾವುಡಿನ್‌ನಿಂದ ನರಗಳಿಗೆ ಆಗುವ ಇನ್ನೊಂದು ಅಡ್ಡಪರಿಣಾಮವೆಂದು ಆಮೇಲೆ ತಿಳಿಯಿತು.

ಆ ವರ್ಷದ ದಸರೆಗೆ ನನ್ನ ರವಿಕೆ ಕತ್ತರಿಸುವ ಮೊದಲು ಪುಸ್ತಕ ತೆಗೆದು ನೋಡಿದೆ. ತೋಳಿನ ಸುತ್ತಳತೆ 11 ಇಂಚಿನಿಂದ 9ಕ್ಕೆ ಇಳಿದಿತ್ತು. ಎದೆಯ ಅಳತೆ ಕಡಿಮೆಯಾಗುವ ಬದಲು ಒಂದಿಂಚು ಹೆಚ್ಚಿತ್ತು. ಸೊಂಟ 28 ಇದ್ದದ್ದು 32 ಆಗಿತ್ತು. ಹಿಂದಿನ ವರ್ಷದ ರವಿಕೆ ತೊಟ್ಟರೆ ತೋಳು ಸಡಿಲ, ಕೆಳಗಿನ ಹುಕ್ಕು ಹಾಕಲು ಆಗುತ್ತಿರಲಿಲ್ಲ. ಮನುಷ್ಯರು ಸೊರಗಿದರೆ ಎಲ್ಲ ಕಡೆ ಸೊರಗುತ್ತಾರೆ, ದಪ್ಪವಾದರೆ ಹೆಚ್ಚುಕಮ್ಮಿ ಎಲ್ಲ ಕಡೆ ದಪ್ಪವಾಗುತ್ತಾರೆ. ಸಾವಿರಾರು ಹೆಂಗಸರ ಅಳತೆ ತೆಗೆದ ನನಗೆ ಒಬ್ಬಳದೇ ತೋಳು ಇಳಿದು ಸೊಂಟ ಏರಿದ ಅಳತೆ ಮೊದಲ ಸಲ ಕಣ್ಣಿಗೆ ಬಿದ್ದದ್ದು ನನ್ನದೇ ಪುಟದಲ್ಲಿ.

ಕೈಕಾಲನ್ನು ಸೀರೆಯಲ್ಲಿ, ಉದ್ದ ತೋಳಿನ ರವಿಕೆಯಲ್ಲಿ ಮುಚ್ಚಬಹುದಿತ್ತು. ಮುಖವನ್ನು ಮುಚ್ಚುವಂತಿರಲಿಲ್ಲ. ಕೆನ್ನೆಯ ಒಳಗಿನ ಕೊಬ್ಬು ಕರಗಿ ಗುಳಿ ಬಿತ್ತು, ಕಣತಲೆ ಒಳಸರಿಯಿತು, ಮೂಗಿನ ಪಕ್ಕದ ಗೆರೆಗಳು ಆಳವಾದವು. ಗಿರಾಕಿಗಳು ಕಾಳಜಿಯಿಂದಲೇ ಕೇಳುತ್ತಿದ್ದರು: "ಎಂತ ಅಕ್ಕ, ಇಷ್ಟು ಸೊರಗಿದ್ದೀರಿ? ಶುಗರ್ ಉಂಟಾ?" ಹೌದೆಂದು ತಲೆಯಾಡಿಸುತ್ತಿದ್ದೆ. ಮನೆಯಲ್ಲಿ ನನ್ನ ವಿಷಯ ಗೊತ್ತಿದ್ದದ್ದು ಅಮ್ಮನಿಗೆ ಮತ್ತು ಅಣ್ಣನಿಗೆ ಮಾತ್ರ. ಅತ್ತಿಗೆಗೂ ಹೇಳಿರಲಿಲ್ಲ. ಔಷಧ ತಿಂಗಳಿಗೊಮ್ಮೆ ತರಲು ಹೋಗುವಾಗ ಎಆರ್‌ಟಿ ಕೇಂದ್ರದ ಬೆಂಚಿನಲ್ಲಿ ಉಡುಪಿ, ಬಂಟ್ವಾಳ, ಕಾಸರಗೋಡು ಕಡೆಯಿಂದ ಬಂದವರ ಪಕ್ಕ ಕೂರುತ್ತಿದ್ದೆ. ನನ್ನ ಹಾಗೆಯೇ ಕೆಲವು ವರ್ಷ ಎಸ್‌ಎಲ್‌ಎನ್ ತೆಗೆದುಕೊಂಡ ಎಷ್ಟೋ ಮಂದಿಯಲ್ಲಿ ಅದೇ ಗುಳಿಬಿದ್ದ ಕೆನ್ನೆ, ಅದೇ ಸಪೂರ ಕಾಲು, ಅದೇ ಮುಂದೆ ಬಂದ ಹೊಟ್ಟೆ ಕಾಣುತ್ತಿತ್ತು. ರಕ್ತದಲ್ಲಿ ವೈರಸ್ ಹತೋಟಿಗೆ ಬಂದಿದ್ದ ಕಾಲದಲ್ಲೇ ಮುಖ ಕಾಯಿಲೆಯವರ ಮುಖವಾಗಿತ್ತು. ಈ ಕೆನ್ನೆಯನ್ನು ಗುರುತು ಹಿಡಿಯಬಲ್ಲವರು ಊರಿನಲ್ಲಿ ಒಬ್ಬರಿದ್ದರೂ ಸಾಕು, ನಾವು ಬಾಯಿ ಬಿಡದೆಯೇ ವಿಷಯ ಹೊರಬೀಳುತ್ತದೆ ಎಂಬ ಹೆದರಿಕೆ ಆ ಬೆಂಚಿನಲ್ಲಿ ಎಲ್ಲರಿಗೂ ಇತ್ತು. ಒಬ್ಬಾಕೆ ಆ ಹೆದರಿಕೆಯಿಂದಲೇ ಮಾತ್ರೆ ನಿಲ್ಲಿಸಿದಳು. ಕೌನ್ಸೆಲರ್ ಮನೆಯವರೆಗೂ ಹೋಗಿ ಕರೆದು ತರುವಷ್ಟರಲ್ಲಿ ಅವಳಿಗೆ ಕ್ಷಯ ಅಂಟಿತ್ತು.

ಮೊದಲ ಸಲ ವೈದ್ಯರ ಬಳಿ ಪ್ರಸ್ತಾಪಿಸಿದಾಗ ಸಿಕ್ಕ ಉತ್ತರ, "ನೋಡಿ ಅಮ್ಮ, ನಿಮ್ಮ ಸಿಡಿ4 ಚೆನ್ನಾಗಿ ಉಂಟು. ಸೌಂದರ್ಯದ ಬಗ್ಗೆ ಈಗ ಯೋಚನೆ ಮಾಡಬೇಡಿ." ಅವರ ಮೇಜಿನ ಮುಂದೆ ಸಾಲು ಉದ್ದವಿತ್ತು, ಪಕ್ಕದಲ್ಲಿ ನನಗಿಂತ ಕಷ್ಟದಲ್ಲಿದ್ದ ರೋಗಿಗಳಿದ್ದರು. ಅಷ್ಟು ತಿಳಿದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ದೇಹದಲ್ಲಿ ಒಂದು ಅಂಗಾಂಶ ನಾಶವಾಗುತ್ತಿದ್ದರೆ ಅದನ್ನು ಸೌಂದರ್ಯದ ಮಾತೆಂದು ಬದಿಗೆ ಸರಿಸುವುದು ಸರಿಯಲ್ಲ. ಮುಂದಿನ ಭೇಟಿಗೆ ಅಳತೆ ಪುಸ್ತಕವನ್ನೂ, ಮದುವೆಗೆ ಮುಂಚಿನ ಮತ್ತು ಚಿಕಿತ್ಸೆಯ ಮೊದಲ ವರ್ಷದ ಎರಡು ಫೋಟೊಗಳನ್ನೂ ಒಯ್ದೆ. ಅಂದು ಇದ್ದವರು ಬೇರೆ ವೈದ್ಯೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಪುಟ ತಿರುವಿ ವರ್ಷವಾರು ಅಂಕಿಗಳನ್ನು ಓದಿದರು, ಫೋಟೊಗಳನ್ನು ನನ್ನ ಮುಖದ ಪಕ್ಕ ಹಿಡಿದು ನೋಡಿದರು. ಪರದೆ ಎಳೆದು ಮಲಗಿಸಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರು. ಅಷ್ಟು ಉಬ್ಬಿದ ಹೊಟ್ಟೆಯಲ್ಲಿ ಬೆರಳಿಗೆ ಸಿಕ್ಕಿದ್ದು ತೆಳುವಾದ ಚರ್ಮದ ಮಡಿಕೆ ಮಾತ್ರ. ಚರ್ಮದ ಕೆಳಗೆ ಕೊಬ್ಬು ಉಳಿದಿಲ್ಲ, ಈ ಉಬ್ಬು ಸ್ನಾಯುವಿನ ಒಳಗೆ ಕರುಳು ಮತ್ತು ಯಕೃತ್ತಿನ ಸುತ್ತ ಸೇರಿದ ಕೊಬ್ಬಿನದು, ಆದ್ದರಿಂದಲೇ ಮುಟ್ಟಿದರೆ ಗಟ್ಟಿಯಾಗಿದೆ ಎಂದು ವಿವರಿಸಿದರು. ಆಮೇಲೆ ಹೆಡಕಿನ ಕೆಳಗೆ ಕೈಯಾಡಿಸಿ, ನನಗೇ ಗೊತ್ತಿಲ್ಲದೆ ಅಲ್ಲಿ ಬೆಳೆಯುತ್ತಿದ್ದ ಒಂದು ಮೆತ್ತನೆಯ ಉಬ್ಬನ್ನು ತೋರಿಸಿಕೊಟ್ಟರು. ರವಿಕೆಯ ಬೆನ್ನು ಮೇಲಕ್ಕೆ ಎಳೆದ ಹಾಗೆ ಕೂರುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು.

ಅವರಿಂದ ತಿಳಿದದ್ದನ್ನೂ ಮುಂದೆ ನಾನೇ ಓದಿ ಕೇಳಿ ಗಟ್ಟಿ ಮಾಡಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ. ಈ ಬದಲಾವಣೆಗಳನ್ನು ಆಸ್ಟ್ರೇಲಿಯದ ಸಿಡ್ನಿಯ ವೈದ್ಯರು 1998ರಲ್ಲಿ ಒಂದು ಲಕ್ಷಣಸಮೂಹವಾಗಿ ವಿವರಿಸಿದರು. ಆಗ ಎಲ್ಲ ದೋಷವೂ ಪ್ರೋಟಿಯೇಸ್ ಇನ್ಹಿಬಿಟರ್ ಎಂಬ ಇನ್ನೊಂದು ಗುಂಪಿನ ಎಚ್‌ಐವಿ ಔಷಧಗಳ ಮೇಲೆ ಬಿದ್ದಿತ್ತು. ಕೊಬ್ಬು ಕರಗುವುದೂ ಕೊಬ್ಬು ಸೇರುವುದೂ ಒಂದೇ ಕಾಯಿಲೆಯ ಎರಡು ಮುಖಗಳಲ್ಲ, ಅವುಗಳ ಕಾರಣಗಳು ಬೇರೆ ಬೇರೆ ಎಂಬುದು ನಿಧಾನವಾಗಿ ತಿಳಿಯಿತು. ಮುಖ, ತೋಳು, ಕಾಲುಗಳಲ್ಲಿ ಕೊಬ್ಬು ಕರಗುವುದಕ್ಕೆ ಮುಖ್ಯ ಕಾರಣ ಸ್ಟಾವುಡಿನ್, ಅದಕ್ಕಿಂತ ಕಡಿಮೆ ಮಟ್ಟದಲ್ಲಿ ಝಿಡೊವುಡಿನ್ ಎಂಬ ಅದೇ ಗುಂಪಿನ ಔಷಧ. ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ತಮ್ಮ ಡಿಎನ್‌ಎಯನ್ನು ನಕಲು ಮಾಡಲು ಬಳಸುವ ಪಾಲಿಮರೇಸ್ ಗಾಮಾ ಎಂಬ ಕಿಣ್ವವನ್ನು ಈ ಔಷಧಗಳು ತಡೆಯುತ್ತವೆ, ಇದರಿಂದ ಚರ್ಮದ ಕೆಳಗಿನ ಕೊಬ್ಬಿನ ಕೋಶಗಳು ಸೊರಗಿ ಸಾಯುತ್ತವೆ. ಹೊಟ್ಟೆಯ ಒಳಗೆ ಕೊಬ್ಬು ಸೇರುವುದಕ್ಕೆ ಒಂದೇ ಔಷಧವನ್ನು ಹೊಣೆ ಮಾಡಲು ಬರುವುದಿಲ್ಲ: ವಯಸ್ಸು, ಸೋಂಕಿನಿಂದ ಮೈಯಲ್ಲಿ ಉಳಿಯುವ ಉರಿಯೂತ, ಚೇತರಿಸಿಕೊಂಡ ಹಸಿವು, ಆಹಾರ, ಔಷಧ ಎಲ್ಲವೂ ಅದರಲ್ಲಿ ಪಾಲುದಾರರು. ಈ ವ್ಯತ್ಯಾಸ ತಿಳಿಯದಿದ್ದರೆ ಹೊಟ್ಟೆ ಕರಗಿಸಬೇಕೆಂದು ಊಟ ಬಿಟ್ಟು, ಇರುವ ಕೆನ್ನೆಯನ್ನೂ ಕಳೆದುಕೊಳ್ಳುವ ಅಪಾಯವಿದೆ. ನಮ್ಮ ಬೆಂಚಿನವರು ಕೆಲವರು ಹಾಗೆ ಮಾಡಿದ್ದರು.

ಕಾರಣ ತಿಳಿದ ಕೂಡಲೇ ಔಷಧ ಬದಲಾಗಲಿಲ್ಲ. ಸ್ಟಾವುಡಿನ್ ಬದಲಿಗೆ ಕೇಂದ್ರದಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು ಝಿಡೊವುಡಿನ್. ಅದು ರಕ್ತಹೀನತೆ ಉಂಟುಮಾಡುವ ಔಷಧ, ನನ್ನ ಹಿಮೊಗ್ಲೋಬಿನ್ ಮೊದಲೇ ತೀರಾ ಕಡಿಮೆ. ಹಾಗಾಗಿ ಕಬ್ಬಿಣದ ಮಾತ್ರೆ, ಹಸಿರು ಸೊಪ್ಪು, ಮತ್ತೆ ರಕ್ತ ಪರೀಕ್ಷೆ ಎಂದು ಕಾಲ ಸರಿಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರ ಕೊನೆಗೆ ಸ್ಟಾವುಡಿನ್ ಬಳಕೆಯನ್ನು ಹಂತಹಂತವಾಗಿ ಕೈಬಿಡುವಂತೆ ಎಲ್ಲ ದೇಶಗಳಿಗೂ ಹೇಳಿತ್ತು. ಆ ಮಾತು ನಮ್ಮ ಬೆಂಚಿನವರೆಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಪ್ರತಿ ರಾತ್ರಿ, ಕೆನ್ನೆಯನ್ನು ತಿನ್ನುತ್ತಿರುವುದು ಇದೇ ಎಂದು ಗೊತ್ತಿದ್ದೂ ಅದೇ ಮಾತ್ರೆ ನುಂಗಬೇಕಾಗಿತ್ತು. ನಿಲ್ಲಿಸಿದರೆ ವೈರಸ್ ಔಷಧಕ್ಕೆ ಬಗ್ಗದ ಹಾಗಾಗುತ್ತದೆ, ಆಮೇಲೆ ಮೊದಲಿನವು ಕೆಲಸ ಮಾಡದಿದ್ದಾಗ ಕೊಡುವ ಸೆಕೆಂಡ್ ಲೈನ್ ಔಷಧಕ್ಕೆ ಹೋಗಬೇಕಾಗುತ್ತದೆ ಎಂದು ಆ ವೈದ್ಯೆ ಕೂರಿಸಿ ಹೇಳಿದ್ದರು. ಒಂದು ಹೊತ್ತಿನ ಮಾತ್ರೆಯನ್ನೂ ನಾನು ಬಿಡಲಿಲ್ಲ. ಕೊನೆಗೆ ಸ್ಟಾವುಡಿನ್ ಬದಲಿಗೆ ಟೆನೊಫೊವಿರ್ ಎಂಬ ಔಷಧ ಬಂತು. ಅದು ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದಾದ್ದರಿಂದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಬದಲಾವಣೆಗೆ ಕಾರಣವನ್ನು ನನ್ನ ಚಿಕಿತ್ಸೆಯ ದಾಖಲೆಯಾದ ಹಸಿರು ಪುಸ್ತಕದಲ್ಲಿ ಬರೆದು ಕೊಟ್ಟರು. ಲಿಪೊಡಿಸ್ಟ್ರೊಫಿ ಎಂಬ ಶಬ್ದ ನನ್ನ ದಾಖಲೆಯಲ್ಲಿ ಬಿದ್ದದ್ದು ಅಂದೇ. ನನ್ನ ದೂರು ಕಾಗದಕ್ಕೆ ಬಂತೆಂಬ ಸಮಾಧಾನ ಔಷಧ ಬದಲಾದ ಸಂತೋಷಕ್ಕಿಂತ ಕಡಿಮೆಯದಾಗಿರಲಿಲ್ಲ.

ಔಷಧ ಬದಲಿಸಿದರೆ ಕರಗುವುದು ನಿಲ್ಲುತ್ತದೆ, ಕರಗಿದ್ದು ಪೂರ್ತಿ ಮರಳುವುದಿಲ್ಲ, ಮರಳುವಷ್ಟಕ್ಕೂ ವರ್ಷಗಳೇ ಬೇಕು ಎಂದು ಮೊದಲೇ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಮರುವರ್ಷದ ದಸರೆಗೆ ತೋಳಿನ ಅಳತೆ ಇದ್ದಲ್ಲೇ ಇತ್ತು. ಅದರ ಮುಂದಿನ ವರ್ಷ ಕಾಲಿಂಚು ಏರಿತು. ಕ್ರಮೇಣ 10ಕ್ಕೆ ಬಂದು ಅಲ್ಲೇ ನಿಂತಿದೆ. ಸ್ಟೂಲಿನ ಕಂಬಳಿಯನ್ನು ತೆಗೆಯುವಷ್ಟು ಸುಧಾರಣೆ ಆಯಿತು, ಪಾದದ ಉರಿಯೂ ತಗ್ಗಿತು. ಕೆನ್ನೆ ಮಾತ್ರ ತುಂಬಲಿಲ್ಲ.

ಕೆನ್ನೆಗಾಗಿ ಖಾಸಗಿ ಚಿಕಿತ್ಸಾಲಯಗಳನ್ನು ವಿಚಾರಿಸಿದೆ. ಒಂದು ಕಡೆ ನನ್ನ ಸೋಂಕಿನ ವಿಷಯ ಹೇಳಿದ ಮೇಲೆ ಸ್ವಾಗತದ ಮೇಜಿನವರು ಒಳಗೆ ಹೋಗಿ ಬಂದು, ಆ ವೈದ್ಯರು ಈ ತಿಂಗಳು ಸಿಗುವುದಿಲ್ಲ ಎಂದರು. ಒಳಗಿನ ಕೋಣೆಯಿಂದ ವೈದ್ಯರ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನೂ ಒಪ್ಪಿಗೆಯಿಲ್ಲದೆ ವಿಷಯ ಬಹಿರಂಗಪಡಿಸುವುದನ್ನೂ ನಿಷೇಧಿಸುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಾನು ಹೋದದ್ದು ಅದಕ್ಕಿಂತ ಮೊದಲು. ಇಂದು ಹಾಗಾದರೆ ದೂರು ಕೊಡುವ ದಾರಿ ಇದೆ, ಯಾರಿಗೆ ದೂರು ಕೊಡಬೇಕೆಂದು ಉಚಿತ ಸಹಾಯವಾಣಿ 1097ರಲ್ಲಿ ಕೇಳಬಹುದು. ಇನ್ನೊಂದು ಕಡೆಯ ಚರ್ಮವೈದ್ಯರು ಸಮಾಧಾನದಿಂದ ಎಲ್ಲವನ್ನೂ ತಿಳಿಸಿದರು. ಪಾಲಿ ಲ್ಯಾಕ್ಟಿಕ್ ಆಮ್ಲದ ಚುಚ್ಚುಮದ್ದನ್ನು ಕೆನ್ನೆಗೆ ಕೊಡುವ ವಿಧಾನಕ್ಕೆ ಎಚ್‌ಐವಿಯಿಂದ ಮುಖದ ಕೊಬ್ಬು ಕಳೆದುಕೊಂಡವರಿಗೆಂದೇ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿದೆ. ಅದು ಕೊಬ್ಬನ್ನು ಮರಳಿಸುವುದಿಲ್ಲ, ಚರ್ಮ ದಪ್ಪವಾಗುವಂತೆ ಮಾಡುತ್ತದೆ. ಹಲವು ಸಲ ಚುಚ್ಚಿಸಿಕೊಳ್ಳಬೇಕು, ಕೆಲವು ವರ್ಷಗಳ ಮೇಲೆ ಮತ್ತೆ ಮಾಡಿಸಬೇಕು, ಖರ್ಚೆಲ್ಲ ನಮ್ಮದೇ. ಹೊಟ್ಟೆಯಿಂದ ಕೊಬ್ಬು ತೆಗೆದು ಕೆನ್ನೆಗೆ ತುಂಬಬಹುದೇ ಎಂದು ಕೇಳಿದೆ. ಹಾಗೆ ತೆಗೆಯಲು ಬರುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ, ಕರುಳಿನ ಸುತ್ತ ಇರುವುದನ್ನು ಹೊರಗೆ ಎಳೆಯಲು ಸಾಧ್ಯವಿಲ್ಲ, ನಿಮ್ಮಲ್ಲಿ ತೆಗೆಯಲು ಯೋಗ್ಯವಾದ ಕೊಬ್ಬೇ ಉಳಿದಿಲ್ಲ ಎಂದರು. ಹೆಡಕಿನ ಉಬ್ಬನ್ನು ತೆಗೆಯಬಹುದಿತ್ತು, ಆದರೆ ಕತ್ತು ತಿರುಗಿಸಲು ಅದರಿಂದ ಅಡ್ಡಿ ಇರಲಿಲ್ಲ. ಕೆನ್ನೆಯ ಖರ್ಚಿಗೆ ಮಗಳ ಕಾಲೇಜು ಶುಲ್ಕದ ಹಣ ಮುಟ್ಟಬೇಕಾಗುತ್ತಿತ್ತು. ಬೇಡವೆಂದು ಬಂದೆ. ಸರ್ಕಾರದ ಕಾರ್ಯಕ್ರಮದಲ್ಲೇ ಇದಕ್ಕೊಂದು ಅವಕಾಶ ಇರಬೇಕೆಂದು ಈಗಲೂ ಬಲವಾಗಿ ಅನಿಸುತ್ತದೆ. ಕೊಬ್ಬು ಕರಗಿದ್ದು ಕಾರ್ಯಕ್ರಮವೇ ಕೊಟ್ಟ ಔಷಧದಿಂದ.

ರವಿಕೆಯ ಸಮಸ್ಯೆಗೆ ನನ್ನ ಕೈಯಲ್ಲೇ ಪರಿಹಾರವಿತ್ತು. ಬೆನ್ನಿನ ಕತ್ತನ್ನು ಎತ್ತರಿಸಿ, ಮಧ್ಯದಲ್ಲಿ ಒಂದು ಜೋಡಣೆ ಕೊಟ್ಟು ಉಬ್ಬಿಗೆ ಜಾಗ ಬಿಟ್ಟೆ. ತೋಳನ್ನು ಮೊಣಕೈವರೆಗೆ ಇಳಿಸಿ ಒಳಗೆ ಅಸ್ತರು ಹಾಕಿದೆ. ಬೆಂಚಿನಲ್ಲಿ ಪರಿಚಯವಾದ ಹೆಂಗಸರು ಕೆಲವರು ಅದನ್ನು ಕಂಡು ತಮಗೂ ಹೊಲಿದು ಕೊಡಲು ಕೇಳಿದರು. ಅವರ ಅಳತೆ ಬರೆಯುವಾಗ ನನ್ನ ಪುಟದಲ್ಲಿ ಕಂಡದ್ದೇ ಅವರ ಪುಟಗಳಲ್ಲೂ ಕಂಡಿತು. ಬಿಡಿಬಿಡಿಯಾಗಿ ಹೇಳಿಕೊಳ್ಳದೆ ಒಟ್ಟಿಗೆ ಹೇಳಬೇಕೆಂದು ಅವರನ್ನು ಒಪ್ಪಿಸಿ, ಅಂಕಿಗಳನ್ನು ಹೆಸರಿಲ್ಲದೆ ಒಂದು ಹಾಳೆಯಲ್ಲಿ ಬರೆದು ಆ ವೈದ್ಯೆಗೆ ಕೊಟ್ಟೆವು.

2021ರ ಹೊತ್ತಿಗೆ ನನ್ನನ್ನು ಟಿಎಲ್‌ಡಿಗೆ ಬದಲಿಸಿದರು. ಟೆನೊಫೊವಿರ್, ಲ್ಯಾಮಿವುಡಿನ್ ಜೊತೆಗೆ ಡೊಲುಟೆಗ್ರವಿರ್ ಇರುವ, ದಿನಕ್ಕೆ ಒಂದೇ ಮಾತ್ರೆ. ವೈರಸ್ಸನ್ನು ಹತೋಟಿಯಲ್ಲಿಡುವುದರಲ್ಲಿ ಇದು ಬಹಳ ಗಟ್ಟಿ, ಕೊಬ್ಬನ್ನು ಕರಗಿಸುವ ಸ್ವಭಾವವೂ ಇದಕ್ಕಿಲ್ಲ. ಆದರೆ ತೂಕ ಏರತೊಡಗಿತು. ದಕ್ಷಿಣ ಆಫ್ರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಡ್ವಾನ್ಸ್ ಎಂಬ ಅಧ್ಯಯನದಲ್ಲಿ ಇಂಥದೇ ಕೂಟದ ಔಷಧ ತೆಗೆದುಕೊಂಡವರು 48 ವಾರಗಳಲ್ಲಿ ಸರಾಸರಿ 3 ಕೆ.ಜಿ.ಯಷ್ಟು, ಹಿಂದಿನ ಎಫಾವಿರೆಂಜ್ ಕೂಟದವರು 2 ಕೆ.ಜಿ.ಗಿಂತ ಕಡಿಮೆ ಕೂಡಿದ್ದರು, ಹೆಂಗಸರಲ್ಲಿ ಏರಿಕೆ ಹೆಚ್ಚಿತ್ತು. ನನ್ನ ವಿಷಯದಲ್ಲಿ ಮುಟ್ಟು ನಿಲ್ಲುವ ವಯಸ್ಸೂ ಸೇರಿಕೊಂಡಿತು. ಸೊಂಟ ನೋಡುತ್ತ ನೋಡುತ್ತ 36 ಇಂಚು ದಾಟಿತು.

ಸೊಂಟದ ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ದರ್ಜಿಗಳು ಸೊಂಟ ಅಳೆಯುವುದು ಅತಿ ಸಣ್ಣಗಿರುವ ಜಾಗದಲ್ಲಿ. ವೈದ್ಯರ ಅಳತೆ ಬೇರೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಹೊರಬಿಟ್ಟಾಗ, ಟೇಪು ಚರ್ಮಕ್ಕೆ ತಾಗುವಂತೆ. ಸೀರೆಯ ನೆರಿಗೆಯ ಮೇಲೆ ಟೇಪು ಸುತ್ತಿ ಬರೆದ ಅಂಕಿ ಯಾವ ಕೆಲಸಕ್ಕೂ ಬಾರದು. ಹಾಗೆ ಬರೆದದ್ದನ್ನು ಕಂಡಿದ್ದೇನೆ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಎಚ್ಚರಿಕೆ. ನನ್ನದು 92 ಇತ್ತು. ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚು, ಸಕ್ಕರೆ ಗಡಿಯಲ್ಲಿ. ಊಟದಲ್ಲಿ ಕುಚ್ಚಲಕ್ಕಿ ಅನ್ನದ ಪ್ರಮಾಣ ಇಳಿಸಿ, ಹುರಿದ ಮೀನಿನ ಬದಲು ಬೂತಾಯಿ, ಬಂಗುಡೆಯ ಸಾರು ಮಾಡಿಕೊಂಡೆ. ಬೆಳಗ್ಗೆ ಕದ್ರಿಯ ಕಡೆಗೆ ಬೇಗ ಬೇಗ ನಡೆಯುವುದನ್ನೂ, ನೀರು ತುಂಬಿದ ಬಾಟಲಿ ಹಿಡಿದು ಕೈಗಳಿಗೆ ವ್ಯಾಯಾಮ ಕೊಡುವುದನ್ನೂ ರೂಢಿಸಿಕೊಂಡೆ. ಊಟ ಬಿಡಲಿಲ್ಲ. ಸೊಂಟ ಈಗ 88ಕ್ಕೆ ಬಂದಿದೆ, ತೋಳು ಇಳಿದಿಲ್ಲ.

ಹೃದಯಕ್ಕೆ ಸಂಬಂಧಿಸಿ ಇನ್ನೊಂದು ವಿಷಯವನ್ನು ನಾನಾಗಿಯೇ ವೈದ್ಯರ ಮುಂದೆ ಇಟ್ಟೆ. ಭಾರತವೂ ಸೇರಿ 12 ದೇಶಗಳಲ್ಲಿ, 40ರಿಂದ 75ರ ವಯಸ್ಸಿನ 7,769 ಎಚ್‌ಐವಿ ಸೋಂಕಿತರಲ್ಲಿ ನಡೆದ ರಿಪ್ರೀವ್ ಎಂಬ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಪಿಟವಾಸ್ಟಾಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ. 35ರಷ್ಟು ಕಡಿಮೆಯಾಗಿದ್ದವು. ಅಪಾಯ ಹೆಚ್ಚಿಲ್ಲವೆಂದು ಸಾಮಾನ್ಯ ಲೆಕ್ಕದಲ್ಲಿ ಬಿಟ್ಟುಬಿಡುವಂಥವರಲ್ಲೇ ಈ ಪ್ರಯೋಜನ ಕಂಡದ್ದು. ಇದನ್ನು ಕೇಳಿದಾಗ ವೈದ್ಯರು ನನ್ನ ವರದಿ ನೋಡಿ, ನಮ್ಮಲ್ಲಿ ಸುಲಭವಾಗಿ ಸಿಗುವ ಒಂದು ಸ್ಟಾಟಿನ್ ಬರೆದು ಕೊಟ್ಟರು. ಡೊಲುಟೆಗ್ರವಿರ್ ಬಿಟ್ಟರೆ ಹೊಟ್ಟೆ ಇಳಿಯುತ್ತದೆಯೇ ಎಂದೂ ಕೇಳಿದೆ. ಬಿಟ್ಟ ಮಾತ್ರಕ್ಕೆ ಏರಿದ ತೂಕ ಇಳಿಯುತ್ತದೆಂದು ಭರವಸೆ ಕೊಡಲು ಬರುವುದಿಲ್ಲ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲಿರುವಾಗ ಒಳ್ಳೆಯ ಔಷಧವನ್ನು ಅದಕ್ಕಾಗಿ ಕಳೆದುಕೊಳ್ಳುವುದು ಬೇಡ ಎಂದರು. ಕಾರಣ ಸಹಿತ ಹೇಳಿದ್ದರಿಂದ ಆ ಸಲಹೆಯನ್ನು ಒಪ್ಪಿಕೊಂಡಿದ್ದೇನೆ. ಸ್ಟಾಟಿನ್ ಆರಂಭಿಸಿದ ಮೇಲಿನ ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆಯ ವರದಿ ಬರಬೇಕಿದೆ, ಅದರೊಂದಿಗೆ ಈ ವರ್ಷದ ಅಳತೆಗಳನ್ನೂ ಮುಂದಿನ ಭೇಟಿಯಲ್ಲಿ ಹಸಿರು ಪುಸ್ತಕಕ್ಕೆ ಸೇರಿಸಿಸುತ್ತೇನೆ.